ಒಳಗಿಟ್ಟ ಚೀಟಿ

ಹಡಗಿನ ಪ್ರವಾಸಕ್ಕೆ ಹೊರಡುವ ಮೂರು ದಿನ ಮೊದಲು ಊಟದ ಮೇಜಿನಲ್ಲಿ ಜಗಳವಾಯಿತು. ಸಮುದ್ರದ ವಿಚಾರಕ್ಕಲ್ಲ, ಸೂಟ್‌ಕೇಸಿನ ವಿಚಾರಕ್ಕೆ.

"ನನ್ನ ಪೆಟ್ಟಿಗೆ ನಾನೇ ಹೊರ್ತೀನಿ," ಎಂದರು ಇನ್‌ಸ್ಪೆಕ್ಟರು.

"ಯಾವ ಮಂಡಿ ನಂಬ್ಕೊಂಡು ಮಾವ?" ಎಂದಳು ಸೊಸೆ. "ಎಡಗಡೆದಾ, ಬಲಗಡೆದಾ? ಡಾಕ್ಟರು ಎರಡೂ ಸರಿಯಿಲ್ಲ ಅಂದಿದಾರೆ."

ಬೀದಿಯವರು ಅವರನ್ನು ಈಗಲೂ ಇನ್‌ಸ್ಪೆಕ್ಟರು ಎಂದೇ ಕರೆಯುತ್ತಿದ್ದರು. ಪೊಲೀಸ್ ಇನ್‌ಸ್ಪೆಕ್ಟರಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಅವರ ಹೆಂಡತಿಗೆ ಗಿರಾಕಿಗಳು ಇಟ್ಟ ಹೆಸರು ಹೊಲಿಗೆಯಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ: ಕಿಟಕಿಯ ಪಕ್ಕ ಯಂತ್ರ, ಗೋಡೆಯುದ್ದಕ್ಕೂ ಕತ್ತರಿಸುವ ಮೇಜು, ಮೊಳೆಗೆ ತೂಗುಹಾಕಿದ ಕಾಗದದ ನಮೂನೆಗಳು. ಮಗ ಬೇಕರಿಯಲ್ಲಿ ಒಲೆಯ ಕೆಲಸದವನು. ನಸುಕಿಗೇ ಹೋಗಿ ಮಧ್ಯಾಹ್ನ ಬಂದು ಮಲಗುತ್ತಿದ್ದ. ಸೊಸೆ, ಪ್ರಯಾಣಿಕರ ಸಾಮಾನನ್ನು ಬಂದರಿನಿಂದ ಮನೆಗೆ ತಲುಪಿಸುವ ಒಂದು ಕಂಪನಿಯಲ್ಲಿ ದೂರು ಕೇಳುವ ಮೇಜಿನಲ್ಲಿ ಕೂರುತ್ತಿದ್ದಳು. ಸೇರಿ ಐದು ತಿಂಗಳಾಗಿತ್ತು. ಉಳಿದವಳು ಹತ್ತು ವರ್ಷದ ಮೊಮ್ಮಗಳು. ಕೇಳಿದ್ದನ್ನೆಲ್ಲ ಒಪ್ಪಿಸುತ್ತಾಳೆಂದು ಅವಳಿಗೆ ಗಿಳಿ ಎಂದು ಹೆಸರು.

ಯೋಜನೆ ಸರಳವಾಗಿತ್ತು. ಇನ್‌ಸ್ಪೆಕ್ಟರಿಗೂ ಹೊಲಿಗೆಯಮ್ಮನಿಗೂ ನಾಲ್ಕು ರಾತ್ರಿಯ ಪ್ರವಾಸ. ಶುಕ್ರವಾರ ಬೆಳಗ್ಗೆ ಹಡಗು ದಡ ಸೇರುತ್ತದೆ. ಅಲ್ಲಿಂದ ಇಬ್ಬರೂ ರೈಲು ಹತ್ತಿ ಹಿರಿಮಗಳ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತಾರೆ. ದೊಡ್ಡ ಸೂಟ್‌ಕೇಸನ್ನು ಸೊಸೆಯ ಕಂಪನಿ ಬಂದರಿನಿಂದ ನೇರ ಮನೆಗೆ ತರುತ್ತದೆ.

"ಎರಡು ಕಡೆ ರೈಲು ಬದಲಾಯಿಸ್ಬೇಕು," ಎಂದ ಮಗ. "ನಿಮ್ಮ ಮಂಡಿ, ಅಮ್ಮನ ಭುಜ. ಯಾರು ಹೊರ್ತೀರ?"

"ಗುರುತಿಲ್ಲದವರ ಕೈಗೆ ಪೆಟ್ಟಿಗೆ ಕೊಟ್ಟು ಕೈಬೀಸ್ಕೊಂಡು ಹೋಗೋದಾ?"

"ನಾನು ಗುರುತಿಲ್ಲದವಳಾ ಮಾವ?"

"ನೀನು ಫೋನ್ ಎತ್ತೋಳು. ಪೆಟ್ಟಿಗೆ ಎತ್ತೋನು ಬೇರೆ."

"ಸಾಕು ರೀ," ಎಂದರು ಹೊಲಿಗೆಯಮ್ಮ, ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ. "ಹುಡುಗಿ ಕೊಡಿ ಅಂತಿದಾಳೆ. ಕೊಡೋಣ. ಮೂವತ್ತು ವರ್ಷದಲ್ಲಿ ಒಂದ್ಸಲ ಮನೆಯಿಂದ ಹೊರಗೆ ಕಾಲಿಡ್ತಿದೀನಿ, ಅದನ್ನೂ ಹಾಳು ಮಾಡ್ಬೇಡಿ."

ಅಲ್ಲಿಗೆ ಮುಗಿಯಿತು. ಇನ್‌ಸ್ಪೆಕ್ಟರು ಸೂಟ್‌ಕೇಸನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಮುಳ್ಳು ನಿಲ್ಲುವವರೆಗೆ ಕಾದು, ತೂಕವನ್ನು ಡೈರಿಯಲ್ಲಿ ಬರೆದುಕೊಂಡರು.

ಹೊಲಿಗೆಯಮ್ಮ ಅಳತೆಯ ನೋಟ್‌ಬುಕ್ಕನ್ನೂ ಹಡಗಿಗೆ ಒಯ್ದರು. ಹೊಸ ಆಸ್ಪತ್ರೆಯೊಂದರ ಇಪ್ಪತ್ತಾರು ನರ್ಸುಗಳಿಗೆ ಸಮವಸ್ತ್ರ ಹೊಲಿಯುವ ಕೆಲಸ ಅವರಿಗೆ ಸಿಕ್ಕಿತ್ತು. ಅಷ್ಟು ದೊಡ್ಡ ಕೆಲಸ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಎಲ್ಲರ ಅಳತೆ ತೆಗೆದು ಪೆನ್ಸಿಲಿನಲ್ಲಿ ಬರೆದಾಗಿತ್ತು. ನರ್ಸುಗಳು ಬೇರೆ ಊರಿಗೆ ತರಬೇತಿಗೆ ಹೋಗಿದ್ದರು. ಆಸ್ಪತ್ರೆ ತೆರೆಯುವ ದಿನವೇ ಬರುವವರು. "ನಾಲ್ಕು ದಿನ ಕೈ ಕಟ್ಕೊಂಡು ಕೂರೋದು ನನ್ನಿಂದಾಗಲ್ಲ, ಚೆನ್ನಾಗಿ ನಕಲು ಮಾಡ್ತೀನಿ," ಎಂದು ಹೊಸ ಪುಸ್ತಕವನ್ನೂ ಇಟ್ಟುಕೊಂಡರು.

ಹಡಗಿನ ಮೇಲೆ, ಊಟದ ಕೋಣೆಯ ಕಿಟಕಿಯ ಪಕ್ಕ ಕೂತು ಅವರು ನಕಲು ಮಾಡುತ್ತಿದ್ದಾಗ ಇನ್‌ಸ್ಪೆಕ್ಟರು ಪೆನ್ಸಿಲ್ ಕಸಿದುಕೊಂಡು ಪೆನ್ನು ಕೊಟ್ಟರು.

"ಪೆನ್ಸಿಲಲ್ಲಿ ಬರೆದದ್ದು ದಾಖಲೆಯಲ್ಲ. ಯಾರು ಬೇಕಾದ್ರೂ ಅಳಿಸ್ಬಹುದು."

"ನರ್ಸಮ್ಮನ ಸೊಂಟದ ಸುತ್ತಳತೆ ಅಳಿಸೋಕೆ ಕಳ್ಳರು ಬರ್ತಾರಾ?"

ಆದರೂ ಪೆನ್ನಿನಲ್ಲೇ ಬರೆದರು. ಕೊನೆಯ ದಿನ ಮಧ್ಯಾಹ್ನ, ಜನ್ಮದಲ್ಲಿ ಮೊದಲ ಸಲ ಈಜುಕೊಳಕ್ಕೆ ಇಳಿದು, ಅಂಚಿನ ಕಂಬಿ ಹಿಡಿದುಕೊಂಡೇ ಒಂದು ಗಂಟೆ ನೀರಿನಲ್ಲಿ ನಿಂತು ಬಂದರು.

ಆ ಹಡಗಿನಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಸಂಜೆ ಎಂಟು ಗಂಟೆಯೊಳಗೆ, ಪ್ರತಿಯೊಬ್ಬರೂ ವಿಳಾಸದ ಚೀಟಿ ಕಟ್ಟಿದ ಪೆಟ್ಟಿಗೆಯನ್ನು ಕ್ಯಾಬಿನ್ನಿನ ಬಾಗಿಲ ಹೊರಗೆ ಇಡಬೇಕು. ಸಿಬ್ಬಂದಿ ಒಯ್ಯುತ್ತಾರೆ. ಹೊಲಿಗೆಯಮ್ಮ ಮೇಲಿನ ಮಹಡಿಗೆ ಹಾಡು ಕೇಳಲು ಹೋಗಿದ್ದರು. ಇನ್‌ಸ್ಪೆಕ್ಟರು ಒಬ್ಬರೇ ಕೂತು ಪೆಟ್ಟಿಗೆ ಕಟ್ಟಿದರು. ಹೆಂಡತಿಯ ಕೈಚೀಲ ಭಾರವಾಗಿದೆಯೆಂದು ಎರಡೂ ಪುಸ್ತಕಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿದರು. ಕೊಳದಿಂದ ಬಂದ ಟವೆಲ್ ಪೂರ್ತಿ ಒಣಗಿರಲಿಲ್ಲ. ಅದನ್ನೂ ಹಿಂಡಿ ಮಡಿಸಿ ಇಟ್ಟರು. ಆಮೇಲೆ ಶೇವಿಂಗ್ ಚೀಲದಿಂದ ಒಂದು ಇಕ್ಕಳ ತೆಗೆದರು. ತಕ್ಕಡಿಗಳಿಗೆ ಮೊಹರು ಹಾಕುತ್ತಿದ್ದ ಇಲಾಖೆಯ ಇಕ್ಕಳ. ಜಿಪ್ಪಿನ ಎರಡು ಉಂಗುರಗಳೊಳಗೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಸಿಕ್ಕಿಸಿ ಒತ್ತಿದರು. ಬಿಲ್ಲೆಯ ಮೇಲೆ ಸರ್ಕಾರದ ಗುರುತು ಮೂಡಿತು.

ವಿಳಾಸದ ಚೀಟಿಯನ್ನು ಅದಕ್ಕೆ ಮೊದಲೇ ಪೆಟ್ಟಿಗೆಯೊಳಗೆ, ಬಟ್ಟೆಗಳ ಮೇಲೆ, ಚೊಕ್ಕವಾಗಿ ಇಟ್ಟಿದ್ದರು. ಇಲಾಖೆಯಲ್ಲಿ ಪರೀಕ್ಷೆಗೆ ಮಾದರಿ ಚೀಲಗಳನ್ನು ಕಳಿಸುತ್ತಿದ್ದುದೇ ಹಾಗೆ: ಚೀಟಿ ಒಳಗೆ, ಮೊಹರು ಹೊರಗೆ. ಚೀಟಿ ಹೊರಗಿದ್ದರೆ ಯಾರಾದರೂ ಬದಲಾಯಿಸಬಹುದು.

ಭಾನುವಾರ ಸಂಜೆ ಇಬ್ಬರೂ ಮನೆಗೆ ಬಂದಾಗ ಪೆಟ್ಟಿಗೆ ಬಂದಿರಲಿಲ್ಲ.

"ಶುಕ್ರವಾರ ಸಂಜೆ ಬರುತ್ತೆ ಅಂದಿದ್ದೆಯಲ್ಲ ನೀನು," ಎಂದರು ಇನ್‌ಸ್ಪೆಕ್ಟರು, ಚಪ್ಪಲಿ ಬಿಡುವ ಮೊದಲೇ.

"ಹುಡುಕಿಸ್ತಿದೀನಿ ಮಾವ. ನೀವು ಫೋನಲ್ಲಿ ಗಾಬರಿಯಾಗ್ತೀರ ಅಂತ ಹೇಳ್ಲಿಲ್ಲ."

"ನೋಟ್‌ಬುಕ್ ಅದರಲ್ಲಿದೆ ಕಣೇ," ಎಂದರು ಹೊಲಿಗೆಯಮ್ಮ. ಕುರ್ಚಿ ಹಿಡಿದು ಮೆಲ್ಲಗೆ ಕೂತರು. "ಆಸ್ಪತ್ರೆ ತೆರೆಯೋಕೆ ಇನ್ನು ಮೂರೇ ವಾರ ಇದೆ. ಒಬ್ಬಳ ಅಳತೇನೂ ನೆನಪಿಲ್ಲ ನಂಗೆ."

"ಡ್ರೈವರ್‌ನ ಕೇಳು," ಎಂದರು ಇನ್‌ಸ್ಪೆಕ್ಟರು. "ಬಂದರಿನಿಂದ ತಂದೋನು ಯಾರು?"

"ಅವರು ಹನ್ನೊಂದು ವರ್ಷದಿಂದ ಇದಾರೆ ಮಾವ. ಒಂದು ಪೆಟ್ಟಿಗೇನೂ ಕಳ್ಕೊಂಡಿಲ್ಲ."

"ಕಳ್ಕೊಳ್ಳೋದಲ್ಲ ನಾನು ಹೇಳ್ತಿರೋದು. ದೂರಲ್ಲಿ ಬರಿ. ಅನುಮಾನ ಇದ್ರೆ ಬರೀಬೇಕು. ನಾನು ಸರ್ವೀಸಲ್ಲಿದ್ದಾಗ ಅನುಮಾನ ನುಂಗ್ಕೊಂಡಿದ್ರೆ ಈ ಊರಲ್ಲಿ ಯಾರಿಗೂ ಕಿಲೋ ಅಂದ್ರೆ ಕಿಲೋ ಸಿಗ್ತಿರ್ಲಿಲ್ಲ."

ಸೊಸೆ ಗಂಡನ ಮುಖ ನೋಡಿದಳು. ಅವನು ಆಕಳಿಸಿದ. ಮರುದಿನ ದೂರಿನ ಹಾಳೆಯಲ್ಲಿ ಅವಳು, 'ಗ್ರಾಹಕರಿಗೆ ವಾಹನ ಚಾಲಕರ ಮೇಲೆ ಅನುಮಾನವಿದೆ' ಎಂದು ಬರೆದಳು.

ಆ ವಾರ ಮನೆಯಲ್ಲಿ ಅಡುಗೆ ಒಂದೇ ಥರ ನಡೆಯಿತು. ಅನ್ನ, ಮೊಟ್ಟೆ, ಮಗ ತಂದ ಬ್ರೆಡ್ಡು. ಹೊಲಿಗೆಯಮ್ಮ ಅಳತೆ ಬೇಡದ ಭಾಗಗಳನ್ನೆಲ್ಲ ಕತ್ತರಿಸಿದರು: ಐವತ್ತೆರಡು ಜೇಬು, ಗಂಟು ಹಾಕಿಕೊಳ್ಳುವ ಇಪ್ಪತ್ತಾರು ನಡುಪಟ್ಟಿ. ಅವನ್ನು ಇಸ್ತ್ರಿ ಮಾಡಿ ಜೋಡಿಸಿಟ್ಟರು. ಬುಧವಾರದ ಹೊತ್ತಿಗೆ ಕತ್ತರಿಸಲು ಏನೂ ಉಳಿಯಲಿಲ್ಲ. ಬಿಳಿ ಬಟ್ಟೆಯ ಥಾನು ಮೇಜಿನ ಮೇಲೆ ಸುತ್ತಿದಂತೆಯೇ ಬಿದ್ದಿತ್ತು.

"ಅಜ್ಜಿ, ಬರೀ ಜೇಬು ಹಾಕ್ಕೊಂಡು ಹೋಗ್ತಾರಾ ನರ್ಸುಗಳು?" ಎಂದು ಗಿಳಿ ಕೇಳಿದಳು.

"ಹೋಗಿ ಓದ್ಕೊ."

"ಓದಾಯ್ತು."

"ಹಾಗಾದ್ರೆ ಇನ್ನೊಂದ್ಸಲ ಓದು."

ಕಂಪನಿಯಿಂದ ಪರಿಹಾರದ ಕಾಗದ ಬಂತು. ಕಳೆದ ಸಾಮಾನಿಗೆ ಕಿಲೋ ಲೆಕ್ಕದಲ್ಲಿ ಕೊಡುವುದಾಗಿ ಬರೆದಿದ್ದರು. ಹೊಲಿಗೆಯಮ್ಮ ಓದಿ ಸೊಸೆಗೆ ವಾಪಸ್ ಕೊಟ್ಟರು. "ನೋಟ್‌ಬುಕ್ಕು ಕಾಲು ಕಿಲೋನೂ ಇಲ್ಲ," ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು ಎಂದು ಸೊಸೆ ಆಮೇಲೆ ಗಂಡನ ಹತ್ತಿರ ಹೇಳಿದಳು.

ಗುರುವಾರ ಊಟಕ್ಕೆ ಕೂತಾಗ ಮಗ ಕೇಳಿದ: "ಚೀಟಿ ಕಿತ್ತುಹೋಗಿದ್ರೆ?"

"ಚೀಟಿ ಇಲ್ಲದವು ಒಂದು ಕಪಾಟಲ್ಲಿ ಇರ್ತಾವೆ. ಎಲ್ಲಾ ನಾನೇ ಹೋಗಿ ನೋಡಿದೆ. ಅಂಥದ್ದನ್ನ ಬಿಚ್ಚಿ, ಒಳಗೆ ವಿಳಾಸ ಇದೆಯಾ ಅಂತ ಹುಡುಕ್ತೀವಿ."

"ಬೀಗ ಇದ್ರೆ?"

"ಬೀಗಾನೂ ತೆಗೀತೀವಿ. ಸರ್ಕಾರಿ ಮೊಹರಿದ್ರೆ ಮಾತ್ರ ಮುಟ್ಟಲ್ಲ. ಅದು ಸುಂಕದವರ ವಿಷಯ, ಅದಕ್ಕೆ ಜಾಲರಿ ಹಾಕಿರೋ ಬೇರೆ ಕೋಣೆ. ಅದರ ಪಟ್ಟಿ ನಮ್ಮ ಮೇಜಿಗೆ ಬರೋದೇ ಇಲ್ಲ."

ಇನ್‌ಸ್ಪೆಕ್ಟರ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಅಜ್ಜ, ಬಿಸಿನಾ?" ಎಂದಳು ಗಿಳಿ.

"ಹ್ಞೂಂ."

"ಹೊಗೆ ಬರ್ತಿಲ್ವಲ್ಲ."

ಅವರು ಊಟ ಅರ್ಧಕ್ಕೇ ಬಿಟ್ಟು ಕೈತೊಳೆದರು. ಒಳಕೋಣೆಗೆ ಹೋಗಿ ಕಪಾಟು ತೆಗೆದರು. ಇಕ್ಕಳ ಇಟ್ಟಲ್ಲೇ ಇತ್ತು. ಕಪಾಟು ಮುಚ್ಚಿ ಬೀಗ ಹಾಕಿದರು.

ಶುಕ್ರವಾರ ಅವರು ಏನೂ ಹೇಳಲಿಲ್ಲ. ಶನಿವಾರ ಎಂದೂ ಮಾಡದವರು ಪಾತ್ರೆ ತೊಳೆದರು. ಭಾನುವಾರ, "ಆ ಜಾಲರಿ ಕೋಣೆ ನೋಡೋಕಾಗಲ್ವಾ?" ಎಂದು ಸೊಸೆಯನ್ನು ಕೇಳಿದರು.

"ಅಲ್ಲಿ ಯಾಕಿರುತ್ತೆ ಮಾವ? ನಿಮ್ಮ ಪೆಟ್ಟಿಗೇಲಿ ಕಳ್ಳಸಾಗಣೆ ಮಾಲಿತ್ತಾ?"

ಮಗ ನಕ್ಕ. ಅವರು ಎದ್ದುಹೋದರು.

ಸೋಮವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಮಗ ಮಲಗಿದ್ದ. ಹೊಲಿಗೆಯಮ್ಮ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಬಾಗಿಲು ತೆರೆದದ್ದು ಇನ್‌ಸ್ಪೆಕ್ಟರು. ಹೊರಗೆ ಬಿಳಿ ಮೀಸೆಯ, ಬೂದು ಅಂಗಿಯ ವ್ಯಕ್ತಿಯೊಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಂಗಿಯ ಎದೆಯ ಮೇಲೆ ಕಂಪನಿಯ ಗುರುತಿತ್ತು.

"ನಾನು ವ್ಯಾನ್ ಓಡಿಸೋನು ಸಾರ್. ನಿಮ್ಮ ಪೆಟ್ಟಿಗೆ ವಿಷಯ."

"ಒಳಗೆ ಬನ್ನಿ," ಎಂದರು ಹೊಲಿಗೆಯಮ್ಮ.

"ಬೇಡಮ್ಮ, ಇಲ್ಲೇ ಹೇಳ್ತೀನಿ. ಕಳೆದ ಬುಧವಾರದಿಂದ ನನ್ನ ಕೀಲಿ ತಗೊಂಡಿದಾರೆ. ವಿಚಾರಣೆ ಮುಗಿಯೋವರೆಗೂ ವ್ಯಾನ್ ಹತ್ತಂಗಿಲ್ಲ, ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ತಾ ಕೂತಿದೀನಿ. ನಿಮ್ಮ ಸೊಸೆಗೆ ನಾನು ಬಂದಿದ್ದು ಗೊತ್ತಿಲ್ಲ. ಹೇಳ್ಬೇಡಿ, ಆಯಮ್ಮ ಆಗ್ಲೇ ನಾಲ್ಕು ಸಲ ಕ್ಷಮೆ ಕೇಳಿದಾರೆ." ಅವರು ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. "ನಾನು ತೆಗೆದಿಲ್ಲ ಸಾರ್. ಅಷ್ಟು ಹೇಳ್ಬೇಕಿತ್ತು. ಕಾಗದದಲ್ಲಿ ಬರೆದಿರೋರ ಮುಖ ನೋಡಿ ಹೇಳ್ಬೇಕು ಅನ್ನಿಸ್ತು."

"ನಾನು ನಿಮ್ಮನ್ನ ಏನೂ ಅಂದಿಲ್ಲ," ಎಂದರು ಹೊಲಿಗೆಯಮ್ಮ.

ಇನ್‌ಸ್ಪೆಕ್ಟರು ಒಳಗೆ ಹೋಗಿ ನೀರು ತಂದುಕೊಟ್ಟರು. ಡ್ರೈವರು ಒಂದು ಲೋಟ ನೀರು ಕುಡಿದು, ಲೋಟವನ್ನು ಮೆಟ್ಟಿಲ ಮೇಲೆ ಜೋಪಾನವಾಗಿ ಇಟ್ಟು ಹೋದರು.

"ಬಾಯಲ್ಲಿ ಏನಿತ್ತು ನಿಮಗೆ?" ಎಂದರು ಹೊಲಿಗೆಯಮ್ಮ. "ಮನೆ ಬಾಗಿಲಿಗೆ ಬಂದೋರಿಗೆ ಒಂದು ಮಾತು ಇಲ್ವಾ?"

ಮಂಗಳವಾರ ಬೆಳಗ್ಗೆ ಸೊಸೆ ನಿಂತುಕೊಂಡೇ ಚಹಾ ಕುಡಿಯುತ್ತಿದ್ದಳು. ಇನ್‌ಸ್ಪೆಕ್ಟರು ಪತ್ರಿಕೆಯಲ್ಲಿ ಸುತ್ತಿದ ಇಕ್ಕಳವನ್ನು ತಂದು ಬ್ರೆಡ್ಡಿನ ತಟ್ಟೆಯ ಪಕ್ಕ ಇಟ್ಟು ಬಿಚ್ಚಿದರು.

"ಇದೇನು ಮಾವ?"

"ಪೆಟ್ಟಿಗೆಗೆ ಇದರಲ್ಲಿ ಮೊಹರು ಹಾಕಿದೀನಿ. ಸರ್ಕಾರಿ ಮೊಹರು. ಚೀಟಿ ಒಳಗಿದೆ."

ಸೊಸೆ ಲೋಟ ಕೆಳಗಿಟ್ಟಳು. "ಒಳಗೆ ಅಂದ್ರೆ?"

"ಬಟ್ಟೆಗಳ ಮೇಲೆ. ನಾವು ಮಾದರಿ ಕಳಿಸೋವಾಗ ಹಾಗೇ ಮಾಡ್ತಿದ್ವಿ. ಅದು ನಿಮ್ಮ ಜಾಲರಿ ಕೋಣೇಲೇ ಇರ್ಬೇಕು."

"ಅಯ್ಯೋ ನಿಮ್ಮ!" ಎಂದರು ಹೊಲಿಗೆಯಮ್ಮ.

"ನಿಮಗೆ ಯಾವತ್ತು ಗೊತ್ತಾಯ್ತು?" ಎಂದು ಸೊಸೆ ಕೇಳಿದಳು.

"ಗುರುವಾರ. ನೀನು ಹೇಳಿದಾಗ."

"ಇವತ್ತು ಮಂಗಳವಾರ."

"ಹೌದು. ಈ ಇಕ್ಕಳ ನಿವೃತ್ತಿ ದಿನಾನೇ ವಾಪಸ್ ಕೊಡ್ಬೇಕಿತ್ತು. ಕೊಡ್ಲಿಲ್ಲ. ಇಂಥದ್ದನ್ನ ಮನೇಲಿಟ್ಕೊಂಡಿದ್ದಕ್ಕೆ ನಾನೇ ಇಬ್ಬರ ಮೇಲೆ ಕೇಸ್ ಹಾಕಿದೀನಿ. ಹೇಳೋಕೆ..." ಅವರು ಬ್ರೆಡ್ಡಿನ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. "ಹೇಳೋಕಾಗ್ಲಿಲ್ಲ."

"ಆ ಮನುಷ್ಯ ಅಂಟುಪಟ್ಟಿ ಹಚ್ತಿದಾರೆ. ನಾನು ದಿನಾ ಅವರೆದುರು ತಲೆ ತಗ್ಗಿಸ್ಕೊಂಡು ಹೋಗ್ತಿದೀನಿ. ಅತ್ತೆ ಜೇಬು ಎಣಿಸ್ತಾ ಕೂತಿದಾರೆ. ಐದು ದಿನ!" ಅವಳ ದನಿ ಏರಲಿಲ್ಲ. "ಚಪ್ಪಲಿ ಹಾಕ್ಕೊಳ್ಳಿ. ನನ್ನ ಜೊತೆ ಬನ್ನಿ."

ಮಾವ ಎನ್ನಲಿಲ್ಲ. ಅದನ್ನು ಮೊದಲು ಗಮನಿಸಿದವಳು ಗಿಳಿ.

ಗೋದಾಮು ಬಂದರಿನ ಹಿಂದಿನ ರಸ್ತೆಯಲ್ಲಿತ್ತು. ಮೇಲ್ವಿಚಾರಕಿ ಜಾಲರಿ ಬಾಗಿಲು ತೆರೆದಳು. ಮೂಲೆಯಲ್ಲಿ, ಎರಡು ಮರದ ಡಬ್ಬಗಳ ಹಿಂದೆ, ಸೂಟ್‌ಕೇಸು ಗೋಡೆಗೆ ಒರಗಿತ್ತು.

"ನಮ್ಮ ರಾಶಿಯಲ್ಲೇ ಬಂತು," ಎಂದಳು ಅವಳು. "ಚೀಟಿ ಇಲ್ಲ, ಸೀಸದ ಮೊಹರು. ಸುಂಕದವರಿಗೆ ಎರಡು ಸಲ ಬರೆದ್ವಿ. ಅವರಿಂದ ಉತ್ತರಾನೇ ಇಲ್ಲ. ಇದು ನಿಮ್ಮದು ಅನ್ನೋಕೆ ಏನು ಸಾಕ್ಷಿ?"

"ಹದಿನೆಂಟು ಕಿಲೋ ನಾನೂರು ಗ್ರಾಂ," ಎಂದರು ಇನ್‌ಸ್ಪೆಕ್ಟರು. ಬಿಲ್ಲೆಯ ಮೇಲಿನ ಅಕ್ಷರಗಳನ್ನೂ ನೋಡದೆಯೇ ಒಪ್ಪಿಸಿದರು. "ಹಡಗಲ್ಲಿ ಮುಚ್ಚೋವಾಗ ಇನ್ನೊಂದ್ಸಲ ತೂಗಿದೆ. ಡೈರಿಯಲ್ಲಿದೆ."

ಪೆಟ್ಟಿಗೆಯನ್ನು ತಕ್ಕಡಿಗೆ ಏರಿಸಿದರು. ಹದಿನೆಂಟು ಕಿಲೋ ನೂರು ಗ್ರಾಂ.

ಇನ್‌ಸ್ಪೆಕ್ಟರು ಬಾಯಿ ತೆರೆದರು.

"ಹೇಳಿ," ಎಂದಳು ಸೊಸೆ. "ಮುನ್ನೂರು ಗ್ರಾಂ ಕಡಿಮೆ. ಇದಕ್ಕೆ ಯಾರ ಮೇಲೆ ಅನುಮಾನ ಅಂತ ಬರ್ಕೊಳ್ಳಲಿ?"

ಅವರು ಮುಳ್ಳನ್ನು ಇನ್ನೊಮ್ಮೆ ನೋಡಿದರು. "ಟವೆಲ್ ಒದ್ದೆಯಿತ್ತು. ಒಣಗಿರ್ಬೇಕು."

ಮೊಹರನ್ನು ಅವರೇ ಕತ್ತರಿಸಿದರು. ಮುಚ್ಚಳ ತೆಗೆದರೆ ಎಲ್ಲಕ್ಕಿಂತ ಮೇಲೆ ವಿಳಾಸದ ಚೀಟಿ, ಒಂದು ಸುಕ್ಕೂ ಇಲ್ಲದೆ, ಇಟ್ಟ ಹಾಗೇ ಇತ್ತು. ಮುಗ್ಗುಲು ವಾಸನೆ ಬಂತು.

ಅವರು ಒಂದು ಹಾಳೆ ಕೇಳಿ ಪಡೆದು ಹೇಳಿಕೆ ಬರೆದರು. ಚಾಲಕರ ತಪ್ಪಿಲ್ಲ, ಸಂಸ್ಥೆಯ ತಪ್ಪಿಲ್ಲ, ಚೀಟಿಯನ್ನು ಒಳಗಿಟ್ಟವನು ನಾನು, ಅನುಮಾನವೆಂದು ಬರೆಸಿದವನೂ ನಾನು. ದಿನಾಂಕ ಹಾಕಿ ಸಹಿ ಮಾಡಿದರು. ಸೊಸೆ ಓದಿ, "ಗುರುವಾರವೇ ತಿಳಿದಿತ್ತು ಅಂತಾನೂ ಬರೀರಿ," ಎಂದಳು. ಅದನ್ನೂ ಬರೆದರು. ಅಂಟುಪಟ್ಟಿ ಹಚ್ಚುವ ಮೇಜಿನ ಬಳಿ ಹೋಗಿ ಹಾಳೆಯನ್ನು ಮೊದಲು ಡ್ರೈವರ ಕೈಗೇ ಕೊಟ್ಟರು.

ಡ್ರೈವರು ತುಟಿ ಆಡಿಸುತ್ತ ಓದಿದರು. "ನಿನ್ನೆ ನಾನು ನಿಮ್ಮ ಮನೇಲಿ ನೀರು ಕುಡಿದಾಗ್ಲೂ ಗೊತ್ತಿತ್ತಾ ಸಾರ್?"

"ಗೊತ್ತಿತ್ತು. ತಪ್ಪಾಯ್ತು."

"ಸರಿ," ಎಂದರು ಡ್ರೈವರು. ಹಾಳೆಯನ್ನು ಮಡಿಸಿ ವಾಪಸ್ ಕೊಟ್ಟು ಮುಂದಿನ ಪೆಟ್ಟಿಗೆ ಎಳೆದುಕೊಂಡರು.

ಮನೆಯಲ್ಲಿ ಹೊಲಿಗೆಯಮ್ಮ ಮೊದಲು ಹೊಸ ಪುಸ್ತಕ ತೆರೆದರು. ಟವೆಲ್ಲಿನ ತೇವಕ್ಕೆ ಪೆನ್ನಿನ ಶಾಯಿ ಪೂರ್ತಿ ಹರಡಿ, ಪುಟಗಳೆಲ್ಲ ನೀಲಿಯಾಗಿದ್ದವು. ಹಳೆಯದನ್ನು ತೆರೆದರು. ಹಾಳೆಗಳು ಉಬ್ಬಿ ಅಂಟಿಕೊಂಡಿದ್ದವು, ಆದರೆ ಪೆನ್ಸಿಲಿನ ಅಂಕಿಗಳು ಒಂದೂ ಬಿಡದೆ ಇದ್ದವು.

"ಏನ್ರೀ, ದಾಖಲೆ ಯಾವುದು?" ಎಂದರು.

ಇನ್‌ಸ್ಪೆಕ್ಟರು ಬಟ್ಟೆಯ ಥಾನು ಬಿಚ್ಚಿದರು. "ಎಷ್ಟು ಉದ್ದ ಕತ್ತರಿಸ್ಲಿ ಹೇಳು."

ಹನ್ನೆರಡು ದಿನ ಉಳಿದಿತ್ತು. ಇನ್‌ಸ್ಪೆಕ್ಟರು ಅಳತೆ ಓದಿ, ಉಕ್ಕಿನ ಪಟ್ಟಿ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮಗ ಬೇಕರಿಯಿಂದ ಬಂದು, ನಿದ್ದೆ ಅರ್ಧ ಮಾಡಿ, ಗುಂಡಿ ಹೊಲಿದ. ಅವನ ಬೆರಳಿನ ಹಿಟ್ಟು ಬಿಳಿ ಬಟ್ಟೆಗೆ ತಾಗಿದರೂ ಕಾಣುವಂತಿರಲಿಲ್ಲ. ಸೊಸೆ ಸಂಜೆ ಬಂದು ಇಸ್ತ್ರಿ ಮಾಡಿದಳು. ಅವಳು ಇನ್‌ಸ್ಪೆಕ್ಟರ ಜೊತೆ ಕೆಲಸದ ಮಾತಷ್ಟೇ ಆಡುತ್ತಿದ್ದಳು. "ಇದು ಹದಿನೇಳನೇದು." "ಕತ್ತರಿ ಕೊಡಿ." "ಊಟ ಇಟ್ಟಿದೆ."

"ಅಮ್ಮ ನಿಮ್ಮನ್ನ ಮಾವ ಅಂತ ಕರೆಯೋದು ಬಿಟ್ಟಿದಾಳೆ ಅಜ್ಜ," ಎಂದಳು ಗಿಳಿ.

"ಗೊತ್ತು."

"ಕೇಳ್ಲಾ ಯಾಕೆ ಅಂತ?"

"ಬೇಡ. ಅದೂ ಗೊತ್ತು."

ಮಧ್ಯೆ ಒಂದು ದಿನ ಅವರು ಇಲಾಖೆಗೆ ಹೋಗಿ ಇಕ್ಕಳ ಹಿಂದಿರುಗಿಸಿದರು. ಕೌಂಟರಿನ ಹುಡುಗಿ ಅದನ್ನು ತಿರುಗಿಸಿ ನೋಡಿ, "ಈಗೆಲ್ಲ ಪ್ಲಾಸ್ಟಿಕ್ಕು ಸಾರ್, ಇದನ್ನ ನೀವೇ ಇಟ್ಕೊಳ್ಳಿ, ನೆನಪಿಗೆ," ಎಂದಳು. ಅವರು ರಸೀದಿ ಬರೆಸಿಕೊಳ್ಳುವವರೆಗೆ ಅಲ್ಲಿಂದ ಕದಲಲಿಲ್ಲ.

ಆಸ್ಪತ್ರೆ ತೆರೆಯುವ ಹಿಂದಿನ ದಿನ ಬೆಳಗ್ಗೆ ಇಪ್ಪತ್ತಾರು ಸಮವಸ್ತ್ರಗಳು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಸಿದ್ಧವಾಗಿದ್ದವು. ಆಸ್ಪತ್ರೆ ಊರಿನ ಆಚೆ ತುದಿಯಲ್ಲಿತ್ತು.

"ಟ್ಯಾಕ್ಸಿ ಮಾಡಿ ನಾನೇ ಕೊಟ್ಟು ಬರ್ಲಾ?" ಎಂದು ಮಗ ಕೇಳಿದ.

ಎಲ್ಲರೂ ಇನ್‌ಸ್ಪೆಕ್ಟರ ಮುಖ ನೋಡಿದರು.

"ಕಂಪನಿಗೇ ಹೇಳಿ," ಎಂದರು ಅವರು.

ಒಂಬತ್ತಕ್ಕೆ ವ್ಯಾನು ಬಂತು. ಇಳಿದವರು ಬಿಳಿ ಮೀಸೆಯ ಡ್ರೈವರು. ಕೀಲಿಗೊಂಚಲು ಸೊಂಟದಲ್ಲಿ ತೂಗುತ್ತಿತ್ತು. ಇನ್‌ಸ್ಪೆಕ್ಟರು ಎರಡೂ ಪೆಟ್ಟಿಗೆಗಳಿಗೆ ವಿಳಾಸದ ಚೀಟಿಯನ್ನು ಹೊರಗಡೆಯೇ ಕಟ್ಟಿ, ಒಂದೊಂದನ್ನೂ ಒಮ್ಮೆ ಜಗ್ಗಿ ನೋಡಿದರು. ಡ್ರೈವರು ತಮ್ಮ ಕೊಕ್ಕೆ ತಕ್ಕಡಿಗೆ ಮೊದಲ ಪೆಟ್ಟಿಗೆ ತೂಗುಹಾಕಿದರು. ಅದು ಹಳೆಯ ತಕ್ಕಡಿ. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿತ್ತು.

"ಆರು ಕಿಲೋ ಇನ್ನೂರು," ಎಂದು ತಕ್ಕಡಿಯನ್ನು ಇನ್‌ಸ್ಪೆಕ್ಟರ ಕಡೆಗೆ ತಿರುಗಿಸಿದರು. "ನೋಡಿ ಸಾರ್."

ಇನ್‌ಸ್ಪೆಕ್ಟರ ಕೈ ಕನ್ನಡಕದ ಜೇಬಿನವರೆಗೆ ಹೋಯಿತು. ಅಲ್ಲಿಂದ ಕೆಳಗಿಳಿಯಿತು.

"ನೀವು ನೋಡಿದ್ರಲ್ಲ. ಬರ್ಕೊಳ್ಳಿ."

ಡ್ರೈವರು ಅವರನ್ನೊಮ್ಮೆ ನೋಡಿ ಬರೆದುಕೊಂಡರು. ಎರಡನೆಯದನ್ನೂ ತೂಗಿದರು, ಈ ಸಲ ತಕ್ಕಡಿ ತಿರುಗಿಸಲಿಲ್ಲ. ಪೆಟ್ಟಿಗೆಗಳನ್ನು ಒಳಗಿಟ್ಟು, ಬಾಗಿಲು ಹಾಕಿ, ಟೋಪಿ ಮುಟ್ಟಿ ಹೊರಟರು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಇನ್‌ಸ್ಪೆಕ್ಟರು ಮೆಟ್ಟಿಲ ಮೇಲೆಯೇ ನಿಂತಿದ್ದರು.

"ಬನ್ನಿ ಮಾವ," ಎಂದಳು ಸೊಸೆ ಒಳಗಿನಿಂದ. "ಚಹಾ ಆರ್ತಿದೆ."